ಗೆರೆ ಬದಲಾದದ್ದಕ್ಕೇ ಸರ್ಕಾರ ಬದಲಾಯಿತೇ?

ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ಮಾತು ಎದ್ದಾಗಲೆಲ್ಲ ಓದುಗರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. 2008ರಲ್ಲಿ ಬಿಜೆಪಿ ಕರ್ನಾಟಕದಲ್ಲಿ ಅಧಿಕಾರ ಹಿಡಿದದ್ದು, ದಕ್ಷಿಣ ಭಾರತದಲ್ಲೇ ಮೊದಲ ಬಾರಿಗೆ ಆ ಪಕ್ಷದ್ದೇ ಸರ್ಕಾರ ಬಂದದ್ದು, ಕ್ಷೇತ್ರಗಳ ಗಡಿ ಬದಲಾಯಿಸಿದ ಕಾರಣಕ್ಕೇ ಅಲ್ಲವೇ? ಕೆಲವರು ಇದನ್ನು ಅನುಮಾನದಿಂದ ಕೇಳುತ್ತಾರೆ, ಕೆಲವರು ಆಗಲೇ ತೀರ್ಮಾನಕ್ಕೆ ಬಂದು ನನ್ನಿಂದ ಒಪ್ಪಿಗೆಯ ಮುದ್ರೆಯಷ್ಟೇ ಬಯಸುತ್ತಾರೆ. ಆ ಚುನಾವಣೆಯ ಹೊತ್ತಿಗೆ ವರದಿಗಾರನಾಗಿ ಊರೂರು ಸುತ್ತಿದವನು ನಾನು. ಮುಂದಿನ ಮರುವಿಂಗಡಣೆ ಕಣ್ಣೆದುರಿಗೇ ಇರುವುದರಿಂದ ಈ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಕೊಡಬೇಕು ಅನ್ನಿಸಿದೆ.

ಮೊದಲು ಆಗ ಏನಾಯಿತು ಅನ್ನುವುದನ್ನು ನೋಡೋಣ. 1971ರ ಜನಗಣತಿಯ ಆಧಾರದ ಮೇಲೆ ಎಳೆದಿದ್ದ ಗಡಿಗಳಲ್ಲೇ 1978ರಿಂದ 2004ರವರೆಗೆ ನಾವು ವಿಧಾನಸಭೆಗೆ ಮತ ಹಾಕಿದೆವು. ಈ ಅವಧಿಯಲ್ಲಿ ಬೆಂಗಳೂರು ಎಲ್ಲಿಂದ ಎಲ್ಲಿಗೋ ಬೆಳೆಯಿತು. ಬೆಂಗಳೂರು ನಗರ ಜಿಲ್ಲೆಗೆ ಇದ್ದ ಸ್ಥಾನ ಮಾತ್ರ 16. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯನ್ನು ಮುಂದಿಟ್ಟುಕೊಂಡು ಹೊಸ ಗಡಿ ಗುರುತಿಸಿತು. 2008ರ ಫೆಬ್ರುವರಿ 19ರಂದು ಅದು ಜಾರಿಗೆ ಬಂತು. ಮೂರು ತಿಂಗಳೊಳಗೆ, ಮೇ 10, 16 ಮತ್ತು 22ರಂದು, ಕರ್ನಾಟಕದಲ್ಲಿ ಮತದಾನ. ಹೊಸ ಗಡಿಗಳ ಮೇಲೆ ದೇಶದಲ್ಲೇ ಮೊದಲು ನಡೆದ ವಿಧಾನಸಭಾ ಚುನಾವಣೆ ನಮ್ಮದು.

ರಾಜ್ಯದ ಒಟ್ಟು ಸ್ಥಾನ 224ನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ಒಂದು ಕಡೆ ಕೊಡಬೇಕೆಂದರೆ ಇನ್ನೊಂದು ಕಡೆಯಿಂದ ಕಿತ್ತುಕೊಳ್ಳಲೇಬೇಕು. 2001ರಲ್ಲಿ ರಾಜ್ಯದ ಜನಸಂಖ್ಯೆ 5 ಕೋಟಿ 28 ಲಕ್ಷ. 224ರಿಂದ ಭಾಗಿಸಿದರೆ ಒಬ್ಬ ಶಾಸಕನಿಗೆ ಸುಮಾರು 2,36,000 ಜನ. ಈ ಅಳತೆಗೋಲನ್ನು ಹಿಡಿದು ಬೆಂಗಳೂರು ನಗರ ಜಿಲ್ಲೆಗೆ ಬನ್ನಿ. ಅಲ್ಲಿದ್ದವರು 65 ಲಕ್ಷ 37 ಸಾವಿರ. ಹಳೆಯ 16 ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ 4 ಲಕ್ಷ ಮೀರುತ್ತದೆ, ಅಂದರೆ ರಾಜ್ಯದ ಸರಾಸರಿಗಿಂತ ಎಷ್ಟೋ ಹೆಚ್ಚು. ನ್ಯಾಯವಾಗಿ ಸಿಗಬೇಕಾದದ್ದು 27.7, ಸಿಕ್ಕಿದ್ದು 28. ಅದೇ ಅಳತೆಗೋಲು ಕೊಡಗಿಗೆ ಹೋದಾಗ ಲೆಕ್ಕ ನೋವಿನದ್ದಾಯಿತು. ಅಲ್ಲಿನ ಜನಸಂಖ್ಯೆ 5 ಲಕ್ಷ 48 ಸಾವಿರ, ಪಾಲು 2.3. ಜಿಲ್ಲೆಯನ್ನೇ ಘಟಕವಾಗಿ ಹಿಡಿದು ಲೆಕ್ಕ ಹಾಕಿದ್ದರಿಂದ ಆ ದಶಾಂಶ ಪಕ್ಕದ ಜಿಲ್ಲೆಯ ಜೊತೆ ಸೇರುವಂತಿಲ್ಲ. ಮೂರಿದ್ದ ಕ್ಷೇತ್ರ ಎರಡಾಯಿತು, ಸೋಮವಾರಪೇಟೆ ಕ್ಷೇತ್ರ ಹೋಯಿತು. ಕೊಡ್ಲಿಪೇಟೆ, ಶನಿವಾರಸಂತೆಯವರು ಇವತ್ತು ಮಡಿಕೇರಿ ಕ್ಷೇತ್ರದ ಮತದಾರರು. ಮಳೆಗಾಲದಲ್ಲಿ ಆ ಘಟ್ಟದ ರಸ್ತೆಗಳಲ್ಲಿ ಓಡಾಡಿದವರಿಗೆ ಎರಡು ಮತ್ತು ಮೂರರ ನಡುವಿನ ವ್ಯತ್ಯಾಸ ಏನೆಂದು ನಾನು ಹೇಳಬೇಕಿಲ್ಲ.

ಬೆಂಗಳೂರಿಗೆ ಸಿಕ್ಕ 12 ಹೆಚ್ಚುವರಿ ಸ್ಥಾನಗಳಿಗೆ ಬೆಲೆ ತೆತ್ತದ್ದು ಕೊಡಗು ಒಂದೇ ಅಲ್ಲ. ದಕ್ಷಿಣ ಕನ್ನಡದ ವಿಟ್ಲ, ಉಡುಪಿಯ ಬ್ರಹ್ಮಾವರ, ಚಿಕ್ಕಮಗಳೂರಿನ ಬೀರೂರು, ಮಂಡ್ಯದ ಕಿರುಗಾವಲು ಇವೆಲ್ಲ ಆ ಸಲ ನಕ್ಷೆಯಿಂದ ಮಾಯವಾದ ಹೆಸರುಗಳು. ತುಮಕೂರು ಜಿಲ್ಲೆಗೆ 13 ಇದ್ದದ್ದು 11 ಆಯಿತು. ಕಳ್ಳಂಬೆಳ್ಳ, ಬೆಳ್ಳಾವಿ, ಹುಲಿಯೂರುದುರ್ಗ ಎಂಬ ಕ್ಷೇತ್ರಗಳಿದ್ದವು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಲೋಕಸಭೆಯ ಮಟ್ಟದಲ್ಲಿ, 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕಳಿಸಿದ ಚಿಕ್ಕಮಗಳೂರು ಕ್ಷೇತ್ರವೂ ಉಡುಪಿಯ ಜೊತೆ ಸೇರಿ ಹೋಯಿತು.

ಆ ಏಪ್ರಿಲ್‌ನಲ್ಲಿ ನಾನು ಹೆಚ್ಚು ಓಡಾಡಿದ್ದು ಹಳೆಯ ಉತ್ತರಹಳ್ಳಿ ಕ್ಷೇತ್ರದ ಬಡಾವಣೆಗಳಲ್ಲಿ. ರಾಜ್ಯದ ದೈತ್ಯ ಕ್ಷೇತ್ರವೆಂದು ಹೆಸರಾಗಿದ್ದ ಅದನ್ನು ಒಡೆದು ಹಲವು ಕ್ಷೇತ್ರಗಳಿಗೆ ಹಂಚಿದ್ದರು. ಒಂದು ಪಕ್ಷದ ಕಚೇರಿಯಲ್ಲಿ ಗೋಡೆಯ ಉದ್ದಕ್ಕೂ ವಾರ್ಡ್ ನಕ್ಷೆ ಅಂಟಿಸಿದ್ದರು. ಕಾರ್ಯಕರ್ತರೊಬ್ಬರು ಸ್ಕೆಚ್ ಪೆನ್ ಹಿಡಿದು ಪದ್ಮನಾಭನಗರಕ್ಕೆ ಹಸಿರು, ಬೊಮ್ಮನಹಳ್ಳಿಗೆ ಕೆಂಪು ಎಂದು ಬೀದಿ ಬೀದಿ ಗುರುತು ಮಾಡುತ್ತಿದ್ದರು. ನಾನು ಅಲ್ಲಿ ಕೂತಿದ್ದಷ್ಟು ಹೊತ್ತೂ ಜನ ಬಂದು ಕೇಳುತ್ತಿದ್ದದ್ದು ಒಂದೇ ಮಾತು: ‘ಸಾರ್, ನಮ್ಮ ಏರಿಯಾ ಯಾವುದಕ್ಕೆ ಬಂತು?’ ಒಂದೇ ರಸ್ತೆಯ ಎಡಬದಿಗೆ ಒಬ್ಬ ಅಭ್ಯರ್ಥಿ, ಬಲಬದಿಗೆ ಇನ್ನೊಬ್ಬ. ಬೂತ್ ಮಟ್ಟದಲ್ಲಿ ಹತ್ತಾರು ವರ್ಷ ಒಟ್ಟಿಗೆ ದುಡಿದವರು ಬೇರೆ ಬೇರೆ ಕ್ಷೇತ್ರಗಳಿಗೆ ಹಂಚಿಹೋಗಿದ್ದರು. ಮತದಾರರ ಪಟ್ಟಿ ಹೊಸದು, ಭಾಗ ಸಂಖ್ಯೆ ಹೊಸದು, ಶಾಸಕನೂ ಹೊಸಬ. ಆ ಗೋಡೆಯ ನಕ್ಷೆಯ ಮುಂದೆ ನಿಂತಾಗ ಗಡಿ ಬದಲಾವಣೆ ಏನು ಮಾಡುತ್ತದೆ ಎನ್ನುವುದು ನನಗೆ ಯಾವ ವರದಿಗಿಂತಲೂ ಚೆನ್ನಾಗಿ ಅರ್ಥವಾಯಿತು. ಕ್ಷೇತ್ರ ಎಂದರೆ ಮದುವೆ, ಸಾವು, ಜಾತ್ರೆ, ಆಸ್ಪತ್ರೆ ಬಿಲ್ಲು, ಪೊಲೀಸ್ ಠಾಣೆಗೆ ಒಂದು ಫೋನು ಎಂದು ವರ್ಷಗಟ್ಟಲೆ ಕಟ್ಟಿಕೊಂಡ ಸಂಬಂಧಗಳು. ಅವು ಗಡಿ ದಾಟಿ ಹೊಸ ಕ್ಷೇತ್ರಕ್ಕೆ ಬರುವುದಿಲ್ಲ.

ನಾಯಕರ ಕಡೆಯಿಂದ ನೋಡಿದರೆ ಇದು ಇನ್ನೂ ಸ್ಪಷ್ಟ. 1972ರಿಂದ ಸತತವಾಗಿ ಎಂಟು ಬಾರಿ ಗುರುಮಠಕಲ್‌ನಿಂದ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆಯವರ ಮೀಸಲು ಕ್ಷೇತ್ರ ಸಾಮಾನ್ಯವಾಯಿತು. ಅವರು ಮೀಸಲಾದ ಚಿತ್ತಾಪುರಕ್ಕೆ ಹೋಗಿ ಗೆದ್ದರು. ಸಾತನೂರು ಕ್ಷೇತ್ರವೇ ಇಲ್ಲವಾದ್ದರಿಂದ ಡಿ.ಕೆ. ಶಿವಕುಮಾರ್ ಕನಕಪುರಕ್ಕೆ ಬಂದರು, ಇವತ್ತಿಗೂ ಅಲ್ಲೇ ಇದ್ದಾರೆ. ಕಳ್ಳಂಬೆಳ್ಳ ಕಳೆದುಕೊಂಡ ಟಿ.ಬಿ. ಜಯಚಂದ್ರ ಶಿರಾಕ್ಕೆ, ಉತ್ತರಹಳ್ಳಿ ಕಳೆದುಕೊಂಡ ಆರ್. ಅಶೋಕ ಪದ್ಮನಾಭನಗರಕ್ಕೆ. 2006ರ ಉಪಚುನಾವಣೆಯಲ್ಲಿ ಚಾಮುಂಡೇಶ್ವರಿಯನ್ನು ಬರೀ 257 ಮತಗಳಿಂದ ಉಳಿಸಿಕೊಂಡಿದ್ದ ಸಿದ್ದರಾಮಯ್ಯನವರಿಗೆ ಮರುವಿಂಗಡಣೆ ಒಂದು ಹೊಸ ಮನೆಯನ್ನೇ ಕೊಟ್ಟಿತು. ಮೈಸೂರು, ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಭಾಗಗಳನ್ನು ಸೇರಿಸಿ ಮಾಡಿದ ವರುಣಾ ಕ್ಷೇತ್ರಕ್ಕೆ ಅವರ ಹುಟ್ಟೂರು ಸಿದ್ದರಾಮನಹುಂಡಿಯೂ ಬಂತು. ಮುಂದೆ ಮುಖ್ಯಮಂತ್ರಿಯಾದದ್ದು ಅಲ್ಲಿಂದಲೇ.

ಎಲ್ಲರಿಗೂ ಹೀಗೆ ದಾರಿ ಸಿಗಲಿಲ್ಲ. ಎಂ.ಪಿ. ಪ್ರಕಾಶ್ ಅವರ ಸೋಲು ನನ್ನನ್ನು ಬಹಳ ಕಾಡಿದೆ. ಹೂವಿನಹಡಗಲಿ ಎಂದರೆ ಪ್ರಕಾಶ್, ಪ್ರಕಾಶ್ ಎಂದರೆ ಹೂವಿನಹಡಗಲಿ. ಉಪಮುಖ್ಯಮಂತ್ರಿಯಾಗಿದ್ದವರು, ರಂಗಭೂಮಿ, ಸಾಹಿತ್ಯ ಬಲ್ಲವರು, ಸದನದಲ್ಲಿ ಅವರು ಎದ್ದು ನಿಂತರೆ ಎದುರು ಪಕ್ಷದವರೂ ಸುಮ್ಮನೆ ಕೂತು ಕೇಳುತ್ತಿದ್ದರು. ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲಾದಾಗ ಅವರು ಪಕ್ಕದ ಹರಪನಹಳ್ಳಿಗೆ ಹೋಗಬೇಕಾಯಿತು. ಅಲ್ಲಿ ಎದುರಾದದ್ದು ಗಣಿ ಸಾಮ್ರಾಜ್ಯದ ಬಳ್ಳಾರಿ ರೆಡ್ಡಿ ಸಹೋದರರಲ್ಲಿ ಹಿರಿಯರಾದ ಕರುಣಾಕರ ರೆಡ್ಡಿ. ಪ್ರಕಾಶ್ ಸೋತರು. ಮೀಸಲಾತಿ ಬಂದದ್ದು ನ್ಯಾಯವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೂ ಅಂಥವರೊಬ್ಬರು ವಿಧಾನಸೌಧದಿಂದ ಹೊರಗುಳಿದದ್ದು ರಾಜ್ಯಕ್ಕೆ ಆದ ನಷ್ಟ ಎಂದು ಇವತ್ತಿಗೂ ನಂಬಿದ್ದೇನೆ.

ಗಡಿಯ ಗದ್ದಲದಲ್ಲಿ ಹೆಚ್ಚು ಚರ್ಚೆಯಾಗದೆ ಹೋದ ದೊಡ್ಡ ಬದಲಾವಣೆ ಪರಿಶಿಷ್ಟ ಪಂಗಡದ ಸ್ಥಾನಗಳದ್ದು. ಅಲ್ಲಿಯವರೆಗೆ ಇಡೀ ರಾಜ್ಯದಲ್ಲಿ ಇದ್ದದ್ದು ಎರಡು, 2008ರಲ್ಲಿ ಆದದ್ದು 15. ಪರಿಶಿಷ್ಟ ಜಾತಿಯದ್ದು 33ರಿಂದ 36. ಈ ಜಿಗಿತದ ಹಿಂದಿರುವುದು 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು. ಜನಗಣತಿಯಲ್ಲಿ ಅವರ ಸಂಖ್ಯೆ ಕಾಣಿಸಿತು, ಗಡಿ ಹಳೆಯದೇ ಇದ್ದದ್ದರಿಂದ ಸ್ಥಾನ ಮಾತ್ರ ಸಿಕ್ಕಿರಲಿಲ್ಲ. ಪಂಗಡದ ಸ್ಥಾನಗಳನ್ನು ಅವರ ಪ್ರಮಾಣ ಅತಿ ಹೆಚ್ಚಿರುವ ಕಡೆಯೇ ಕೊಡಬೇಕು ಎನ್ನುವುದು ಕಾನೂನು. ಹಾಗಾಗಿ ಸುರಪುರ, ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮಾಂತರ, ಸಿರುಗುಪ್ಪ, ಕಂಪ್ಲಿ, ಸಂಡೂರು, ಕೂಡ್ಲಿಗಿ, ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು ಎಂದು ಕಲ್ಯಾಣ ಕರ್ನಾಟಕ ಮತ್ತು ಮಧ್ಯ ಕರ್ನಾಟಕದ ಒಂದು ದೊಡ್ಡ ಪಟ್ಟಿಯೇ ಮೀಸಲಾಯಿತು. ಅಲ್ಲಿಯವರೆಗೆ ಪಕ್ಷಗಳಲ್ಲಿ ಜಮಖಾನ ಹಾಸುವ, ಧ್ವಜ ಕಟ್ಟುವ ಕೆಲಸದಲ್ಲಿದ್ದ ಸಮುದಾಯದ ಯುವಕರು ಒಂದೇ ಚುನಾವಣೆಯಲ್ಲಿ ಅಭ್ಯರ್ಥಿಗಳಾದರು. ಬಳ್ಳಾರಿ ಜಿಲ್ಲೆಯ ಒಂಬತ್ತರಲ್ಲಿ ಐದು ಪಂಗಡಕ್ಕೆ ಮೀಸಲಾದವು. ಅದೇ ಸಮುದಾಯದ ನಾಯಕ ಬಿ. ಶ್ರೀರಾಮುಲು ಅವರನ್ನು ಮುಂದಿಟ್ಟುಕೊಂಡು ಬಿಜೆಪಿ ಆ ಒಂಬತ್ತರಲ್ಲಿ ಎಂಟನ್ನು ಬಾಚಿಕೊಂಡಿತು. ಸಂಡೂರು ಮಾತ್ರ ಕಾಂಗ್ರೆಸ್ಸಿನ ಕೈಯಲ್ಲಿ ಉಳಿಯಿತು.

ಇನ್ನು ಓದುಗರ ಪ್ರಶ್ನೆಗೆ ಬರುತ್ತೇನೆ. ಮೇ 25ರಂದು ಬಂದ ಫಲಿತಾಂಶ ಹೀಗಿತ್ತು: ಬಿಜೆಪಿ 110, ಕಾಂಗ್ರೆಸ್ 80, ಜೆಡಿಎಸ್ 28, ಪಕ್ಷೇತರರು 6. ಬಹುಮತಕ್ಕೆ ಬೇಕಿದ್ದದ್ದು 113. ಪಕ್ಷೇತರರ ಬೆಂಬಲದಿಂದ ಬಿ.ಎಸ್. ಯಡಿಯೂರಪ್ಪ ಮೇ 30ರಂದು ಪ್ರಮಾಣವಚನ ತೆಗೆದುಕೊಂಡರು. ಮತ ಪ್ರಮಾಣ ನೋಡಿದರೆ ಕಾಂಗ್ರೆಸ್ ಶೇ 34.76, ಬಿಜೆಪಿ ಶೇ 33.86. ಹೆಚ್ಚು ಮತ ಪಡೆದ ಪಕ್ಷ 30 ಸ್ಥಾನ ಹಿಂದೆ ಬಿತ್ತು. ‘ಗಡಿಯಿಂದಲೇ ಗೆದ್ದರು’ ಎನ್ನುವವರು ಎತ್ತಿ ತೋರಿಸುವುದು ಇದೇ ಅಂಕಿಯನ್ನು.

ಆದರೆ 2004ರ ಫಲಿತಾಂಶವನ್ನು ಪಕ್ಕದಲ್ಲಿಟ್ಟು ನೋಡಿ. ಆಗ ಹಳೆಯ ಗಡಿಗಳೇ ಇದ್ದವು. ಕಾಂಗ್ರೆಸ್ಸಿಗೆ ಶೇ 35.27 ಮತ, 65 ಸ್ಥಾನ. ಬಿಜೆಪಿಗೆ ಶೇ 28.33 ಮತ, 79 ಸ್ಥಾನ. ಹೆಚ್ಚು ಮತ, ಕಡಿಮೆ ಸ್ಥಾನ ಎಂಬ ಕಾಂಗ್ರೆಸ್ಸಿನ ಸಂಕಟ ಮರುವಿಂಗಡಣೆಗಿಂತ ಹಿಂದಿನದು. ಅದರ ಮತ ರಾಜ್ಯದ ಉದ್ದಗಲಕ್ಕೂ ತೆಳುವಾಗಿ ಹರಡಿತ್ತು, ಬಿಜೆಪಿಯದ್ದು ಕೆಲವು ಭಾಗಗಳಲ್ಲಿ ದಟ್ಟವಾಗಿತ್ತು. ಹೊಸ ಗಡಿಗಳಲ್ಲಿ ಕಾಂಗ್ರೆಸ್ಸಿನ ಮತ ಅರ್ಧ ಶೇಕಡಾದಷ್ಟು ಇಳಿದರೂ ಸ್ಥಾನ 15 ಹೆಚ್ಚಾಯಿತು. ಬಿಜೆಪಿಯ ಮತ ಐದೂವರೆ ಶೇಕಡಾದಷ್ಟು ಏರಿತು, ಅಷ್ಟು ಮತ ಏರಿದ ಪಕ್ಷ ಯಾವ ಗಡಿಯಲ್ಲಿದ್ದರೂ ಮೇಲೆ ಬರುತ್ತಿತ್ತು.

ಬೆಂಗಳೂರಿನ ಲೆಕ್ಕವನ್ನೂ ಹೀಗೆಯೇ ಬಿಡಿಸಿ ನೋಡಬೇಕು. ನಗರದ 28ರಲ್ಲಿ ಬಿಜೆಪಿ 17, ಕಾಂಗ್ರೆಸ್ 10, ಜೆಡಿಎಸ್ 1 ಗೆದ್ದವು. ಬೆಂಗಳೂರನ್ನು ಪೂರ್ತಿ ಬಿಟ್ಟು ಉಳಿದ ರಾಜ್ಯವನ್ನು ಎಣಿಸಿದರೆ ಬಿಜೆಪಿಗೆ 93, ಕಾಂಗ್ರೆಸ್ಸಿಗೆ 70. ಮುನ್ನಡೆಯ ಬಹುಭಾಗ ನಗರದ ಹೊರಗಿನದ್ದೇ. ಇದಕ್ಕಿಂತ ಮುಖ್ಯವಾಗಿ, ಬೆಂಗಳೂರಿಗಾಗಿ ಸ್ಥಾನ ಕಳೆದುಕೊಂಡ ಜಿಲ್ಲೆಗಳು ಯಾವುವು? ಮಂಡ್ಯ, ತುಮಕೂರಿನ ಜೊತೆಗೆ ಕೊಡಗು, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು. ಉಳಿದ ಎರಡೂ ಸ್ಥಾನಗಳನ್ನು ಕೊಡಗು ಆ ಸಲ ಬಿಜೆಪಿಗೆ ಕೊಟ್ಟಿತು, ಉಡುಪಿ ಐದರಲ್ಲಿ ನಾಲ್ಕನ್ನು ಕೊಟ್ಟಿತು. ಅಂದರೆ ಆ ಪಕ್ಷ ತನ್ನ ಗಟ್ಟಿ ನೆಲದಲ್ಲೇ ಕ್ಷೇತ್ರಗಳನ್ನು ಕಳೆದುಕೊಂಡಿತ್ತು. ಬೆಂಗಳೂರಿನ ಲಾಭವನ್ನು ಮಾತ್ರ ಎಣಿಸಿ ಈ ನಷ್ಟವನ್ನು ಬಿಟ್ಟರೆ ಲೆಕ್ಕ ಸರಿಹೋಗುವುದಿಲ್ಲ. ಗಡಿಯಿಂದ ನಿಜಕ್ಕೂ ಪೆಟ್ಟು ತಿಂದ ಪಕ್ಷ ಯಾವುದಾದರೂ ಇದ್ದರೆ ಅದು ಜೆಡಿಎಸ್ ಎಂದು ನನ್ನ ಅಭಿಪ್ರಾಯ. ಅದರ ಮತ ಇಳಿದದ್ದು ಎರಡು ಶೇಕಡಾಕ್ಕಿಂತ ಕಡಿಮೆ, ಸ್ಥಾನ ಮಾತ್ರ 58ರಿಂದ 28ಕ್ಕೆ ಕುಸಿಯಿತು. ಅದರ ಪ್ರಾಣವಿದ್ದ ಹಳೆ ಮೈಸೂರು ಭಾಗದಲ್ಲಿ ಕ್ಷೇತ್ರಗಳು ಕರಗಿದ್ದವು.

ಸರ್ಕಾರ ಬದಲಾದ ಕಾರಣ ಹುಡುಕಲು ನಕ್ಷೆಯ ತನಕ ಹೋಗಬೇಕಿಲ್ಲ. 20 ತಿಂಗಳು ನಿಮಗೆ, 20 ತಿಂಗಳು ನಮಗೆ ಎಂಬ ಜೆಡಿಎಸ್–ಬಿಜೆಪಿ ಅಧಿಕಾರ ಹಂಚಿಕೆಯ ಒಪ್ಪಂದ 2007ರ ಅಕ್ಟೋಬರ್‌ನಲ್ಲಿ ಮುರಿದುಬಿತ್ತು. ನವೆಂಬರ್‌ನಲ್ಲಿ ಪ್ರಮಾಣವಚನ ತೆಗೆದುಕೊಂಡ ಯಡಿಯೂರಪ್ಪ ಒಂದು ವಾರದಲ್ಲೇ ಕುರ್ಚಿ ಬಿಡಬೇಕಾಯಿತು. ‘ವಚನಭ್ರಷ್ಟರು’ ಎಂಬ ಒಂದೇ ಮಾತನ್ನು ಇಟ್ಟುಕೊಂಡು ಅವರು ಇಡೀ ಉತ್ತರ ಕರ್ನಾಟಕ ಸುತ್ತಿದರು. ಹಾವೇರಿ, ಗದಗದ ಕಡೆ ಹೋದಾಗ ಕಟ್ಟೆಯ ಮೇಲೆ ಕೂತ ಹಿರಿಯರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಂಗತಿ, ಮರುವಿಂಗಡಣೆಯ ಸುದ್ದಿ ಎತ್ತಿದವರು ಯಾರೂ ಇರಲಿಲ್ಲ.

ಇನ್ನೂ ಅನುಮಾನ ಉಳಿದವರಿಗೆ ಅದೇ ಗಡಿಗಳ ಮುಂದಿನ ಕಥೆ ಹೇಳುತ್ತೇನೆ. 2013ರಲ್ಲಿ, ಬಿಜೆಪಿ ಒಡೆದಿದ್ದಾಗ, ಕಾಂಗ್ರೆಸ್ಸಿನ ಮತ ಶೇ 36.6ಕ್ಕೆ ಮಾತ್ರ ಏರಿ ಸ್ಥಾನ 122 ಆಯಿತು. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸ್ಥಾನ. 2023ರಲ್ಲಿ ಅದೇ ಪಕ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ ಮತ, ಸ್ಥಾನ 66, ಕಾಂಗ್ರೆಸ್ಸಿಗೆ 135. ಒಂದೇ ನಕ್ಷೆ, ಒಂದೇ ಪ್ರಮಾಣದ ಮತ, 38 ಸ್ಥಾನಗಳ ವ್ಯತ್ಯಾಸ. ಎದುರಾಳಿಗಳ ಮತ ಒಡೆಯಿತೋ ಒಗ್ಗೂಡಿತೋ ಎನ್ನುವುದು ನಮ್ಮಲ್ಲಿ ಗಡಿಗಿಂತ ದೊಡ್ಡ ಶಕ್ತಿ.

ಗಡಿಯಿಂದಲೇ ಸರ್ಕಾರ ಹುಟ್ಟುತ್ತದೆ ಎಂಬ ಸಂಶಯ ನಮ್ಮಲ್ಲಿ ಬೇರೂರಲು ಅಮೆರಿಕದ ಸುದ್ದಿಗಳೂ ಕಾರಣ. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಶಾಸಕಾಂಗವೇ ತನ್ನ ಕ್ಷೇತ್ರಗಳ ಗಡಿ ಎಳೆದುಕೊಳ್ಳುತ್ತದೆ. ಇದು ಬೇಡವೆಂದು ಮಿಷಿಗನ್ ರಾಜ್ಯದ ಮತದಾರರು 2018ರಲ್ಲಿ ಜನಮತದ ಮೂಲಕ ಆ ಅಧಿಕಾರವನ್ನು 13 ಜನ ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಟ್ಟರು: ಎರಡೂ ಪಕ್ಷಗಳ ಕಡೆಯವರು ನಾಲ್ಕು ನಾಲ್ಕು, ಯಾವ ಪಕ್ಷಕ್ಕೂ ಸೇರದವರು ಐದು. ಹೊಸ ನಕ್ಷೆಯಲ್ಲಿ 2022ರಲ್ಲಿ ನಡೆದ ಮೊದಲ ಚುನಾವಣೆಯಲ್ಲೇ ಕೆಳಮನೆ 56–54, ಮೇಲ್ಮನೆ 20–18ರಿಂದ ಡೆಮಾಕ್ರಟಿಕ್ ಪಕ್ಷದ ಪಾಲಾಯಿತು. ಎರಡೂ ಸದನ ಮತ್ತು ಗವರ್ನರ್ ಹುದ್ದೆ ಆ ಪಕ್ಷಕ್ಕೆ ಒಟ್ಟಿಗೆ ದಕ್ಕಿದ್ದು ಸುಮಾರು 40 ವರ್ಷಗಳಲ್ಲಿ ಅದೇ ಮೊದಲು. ಅಲ್ಲಿ ಗಡಿಗೆ ಅಂಥ ಬಲವಿದೆ, ಏಕೆಂದರೆ ಇರುವುದು ಎರಡೇ ಪಕ್ಷ, ಯಾವ ಬೀದಿ ಯಾರದು ಎನ್ನುವುದು ಮೊದಲೇ ಗೊತ್ತು. ನಮ್ಮಲ್ಲಿ ಮೂರು ಪಕ್ಷ, ಹತ್ತು ಜಾತಿ ಲೆಕ್ಕಾಚಾರ, ಕೊನೆಯ ವಾರದ ಬಂಡಾಯ. ಪೆನ್ನು ಹಿಡಿಯುವವರೂ ಬೇರೆ: ಸುಪ್ರೀಂ ಕೋರ್ಟಿನ ಹಾಲಿ ಅಥವಾ ಮಾಜಿ ನ್ಯಾಯಮೂರ್ತಿ, ಕೇಂದ್ರ ಚುನಾವಣಾ ಆಯೋಗದ ಒಬ್ಬರು, ರಾಜ್ಯ ಚುನಾವಣಾ ಆಯುಕ್ತರು. ರಾಜ್ಯದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ, ಅವರಿಗೆ ಮತವಿಲ್ಲ. ಈ ಏರ್ಪಾಡು ನಮ್ಮ ಪ್ರಜಾಪ್ರಭುತ್ವದ ಒಳ್ಳೆಯ ಏರ್ಪಾಡುಗಳಲ್ಲಿ ಒಂದು, ಅದನ್ನು ಸಡಿಲ ಮಾಡಲು ಯಾರು ಬಂದರೂ ಬಿಡಬಾರದು.

ಹಾಗಾದರೆ ಮರುವಿಂಗಡಣೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡವೇ? ಬೇಕು. ಗೆಲ್ಲುವವರು ಯಾರು ಎನ್ನುವುದಕ್ಕಿಂತ, ಗೆದ್ದವರು ಯಾರ ಮಾತಿಗೆ ಕಿವಿಗೊಡಬೇಕು ಎನ್ನುವುದನ್ನು ಅದು ಬದಲಾಯಿಸುತ್ತದೆ. 16 ಶಾಸಕರಿದ್ದ ಬೆಂಗಳೂರು 28 ಶಾಸಕರ ಊರಾದ ಮೇಲೆ ನಗರದ ರಸ್ತೆ, ಮೆಟ್ರೊ, ಕಾವೇರಿ ನೀರು ಯಾವ ಮುಖ್ಯಮಂತ್ರಿಗೂ ಎರಡನೆಯ ವಿಷಯವಾಗಿ ಉಳಿಯಲಿಲ್ಲ. ರಾಯಚೂರು ಜಿಲ್ಲೆಯ ಏಳರಲ್ಲಿ ನಾಲ್ಕು ಪಂಗಡಕ್ಕೆ ಮೀಸಲಾದ ಮೇಲೆ ವಾಲ್ಮೀಕಿ ಸಮುದಾಯವನ್ನು ಕಡೆಗಣಿಸಿ ಯಾವ ಪಕ್ಷವೂ ಸಂಪುಟ ರಚಿಸುವ ಧೈರ್ಯ ಮಾಡಲಿಲ್ಲ. ಮಲೆನಾಡು, ಕರಾವಳಿಯ ಅಡಿಕೆಯ ರೋಗ, ಆನೆ ಹಾವಳಿ, ಕಡಲ್ಕೊರೆತದ ಮಾತಾಡುವ ದನಿಗಳು ಅಷ್ಟು ಕಡಿಮೆಯಾದವು.

ಈಗ ಮುಂದಿನ ಸುತ್ತು. ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಸಂವಿಧಾನದ ಪ್ರಕಾರ 2026ರ ನಂತರದ ಮೊದಲ ಜನಗಣತಿಯೊಂದಿಗೆ ಸ್ಥಾನಗಳ ಸಂಖ್ಯೆಯನ್ನು ಬದಲಾಯಿಸಲು ಇರುವ ತಡೆ ಮುಗಿಯುತ್ತದೆ. ಲೋಕಸಭೆಯಲ್ಲಿ ದಕ್ಷಿಣಕ್ಕೆ ಅನ್ಯಾಯವಾಗುತ್ತದೆಯೇ ಎಂಬ ಚರ್ಚೆ ಬಿಸಿಯಾಗಿದೆ, ಆಗಲೇಬೇಕು. ಆದರೆ ಜನಸಂಖ್ಯೆ ಹತೋಟಿಯಲ್ಲಿಟ್ಟುಕೊಂಡವರಿಗೆ ಶಿಕ್ಷೆಯಾಗಬಾರದು ಎಂದು ದೆಹಲಿಗೆ ಹೇಳುವ ನಾವು, ಅದೇ ಮಾತನ್ನು ಕೊಡಗು, ಉಡುಪಿ, ಚಿಕ್ಕಮಗಳೂರಿನವರು ಬೆಂಗಳೂರಿಗೆ ಹೇಳಿದಾಗ ಕೇಳಿಸಿಕೊಳ್ಳಬೇಕು. 2023ರ ಪಟ್ಟಿಯಲ್ಲಿ ಮಹದೇವಪುರದ ಮತದಾರರು 6 ಲಕ್ಷ ದಾಟಿದ್ದರು, ಶೃಂಗೇರಿಯವರು 2 ಲಕ್ಷಕ್ಕೂ ಕಡಿಮೆ. ಮಹದೇವಪುರದವರ ದೂರು ನ್ಯಾಯವಾದದ್ದು, ಅವರ ಒಂದು ಮತಕ್ಕೆ ಶೃಂಗೇರಿಯವರ ಮತದ ಮೂರನೇ ಒಂದು ಭಾಗ ಬೆಲೆಯೂ ಇಲ್ಲ. ಶೃಂಗೇರಿಯವರ ಆತಂಕವೂ ನ್ಯಾಯವಾದದ್ದೇ, ಕಾಡು, ಘಟ್ಟ, ಚದುರಿದ ಒಂಟಿ ಮನೆಗಳ ಆ ಕ್ಷೇತ್ರ ಇನ್ನೂ ಹಿಗ್ಗಿದರೆ ಶಾಸಕನ ಮುಖ ನೋಡುವುದಕ್ಕೇ ಒಂದು ದಿನದ ಪ್ರಯಾಣ ಬೇಕಾದೀತು.

ಕಾನೂನಿನಲ್ಲಿ ಇದಕ್ಕೆ ಸ್ವಲ್ಪ ಜಾಗವಿದೆ. ಜನಸಂಖ್ಯೆಯ ಜೊತೆಗೆ ಭೌಗೋಳಿಕ ಲಕ್ಷಣ, ಆಡಳಿತದ ಗಡಿ, ಸಂಪರ್ಕ ಸೌಲಭ್ಯ, ಜನರ ಅನುಕೂಲ ಇವನ್ನೂ ನೋಡಬೇಕೆಂದು 2002ರ ಕಾಯ್ದೆಯೇ ಹೇಳುತ್ತದೆ. ಆಯೋಗ ಮೊದಲು ಕರಡು ಪ್ರಕಟಿಸಬೇಕು, ಸಹ ಸದಸ್ಯರ ಭಿನ್ನಾಭಿಪ್ರಾಯವನ್ನೂ ಜೊತೆಗೆ ಅಚ್ಚು ಹಾಕಬೇಕು, ಆಕ್ಷೇಪಣೆ ಕರೆಯಬೇಕು, ಬಹಿರಂಗ ಸಭೆ ನಡೆಸಬೇಕು. ಅಂತಿಮ ಆದೇಶ ಗೆಜೆಟ್ಟಿನಲ್ಲಿ ಬಂದ ಮೇಲೆ ವಿಧಾನಸಭೆಯೂ ಅದರ ಒಂದು ಅಕ್ಷರ ತಿದ್ದುವಂತಿಲ್ಲ, ನ್ಯಾಯಾಲಯವೂ ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಹಾಗಾಗಿ ಹೇಳುವುದನ್ನು ಕರಡಿನ ಹಂತದಲ್ಲೇ ಹೇಳಬೇಕು. ಹೋದ ಸಲದ ಕರಡಿನ ಬಗ್ಗೆ ಹಳ್ಳಿಗಳಲ್ಲಿ ಕೇಳಿದಾಗ ಬಹುತೇಕ ಕಡೆ ಅಂಥದ್ದೊಂದು ಬಂದಿತ್ತೆಂಬುದೇ ಜನರಿಗೆ ತಿಳಿದಿರಲಿಲ್ಲ. ಈ ಸಲ ಗ್ರಾಮ ಪಂಚಾಯಿತಿಗಳು ತಮ್ಮ ಹೋಬಳಿಯನ್ನು ಯಾವ ಕ್ಷೇತ್ರಕ್ಕೆ ಸೇರಿಸಿದ್ದಾರೆ, ಅಲ್ಲಿಗೆ ಬಸ್ಸಿದೆಯೇ, ಸಂತೆ ಯಾವ ಕಡೆ, ತಾಲ್ಲೂಕು ಕಚೇರಿ ಎಷ್ಟು ದೂರ ಎಂಬುದನ್ನು ಗ್ರಾಮಸಭೆಯಲ್ಲಿ ಚರ್ಚಿಸಿ, ಠರಾವು ಮಾಡಿ, ಆಯೋಗದ ಬಹಿರಂಗ ಸಭೆಗೆ ತಾವೇ ಒಯ್ದು ಕೊಡಲಿ.